ರಾಜ್ಯವಲ್ಲದ ಸರ್ಕಾರಕ್ಕೆ ಒಕ್ಕೂಟದ ಸಭೆಯಲ್ಲಿ ಎಷ್ಟು ಜಾಗ?

ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಸಭೆ ಎಂದರೆ ಕರ್ನಾಟಕದಲ್ಲಿ ಎಲ್ಲರ ಕಣ್ಣೂ ಎರಡು ಕುರ್ಚಿಗಳ ಮೇಲೆಯೇ ಇರುತ್ತದೆ. ಒಂದು ನಮ್ಮದು, ಇನ್ನೊಂದು ತಮಿಳುನಾಡಿನದು. ಕೇರಳದ ಮಾತು ಆಗೊಮ್ಮೆ ಈಗೊಮ್ಮೆ ಬರುತ್ತದೆ. ಅದೇ ಸಭೆಯಲ್ಲಿ ಪುದುಚೇರಿಯ ಪ್ರತಿನಿಧಿಯೂ ಕುಳಿತಿರುತ್ತಾರೆ, ಅವರಿಗೂ ನಮ್ಮ ಪ್ರತಿನಿಧಿಗಿರುವಷ್ಟೇ ಅಧಿಕಾರವಿದೆ ಎಂಬುದು ಸುದ್ದಿಯ ಕೊನೆಯ ಸಾಲಿಗೆ ಬರುವುದೂ ಅಪರೂಪ. ಕಾವೇರಿ ಕಣಿವೆಯ ತುತ್ತತುದಿಯಲ್ಲಿರುವ ಕಾರೈಕಲ್ ಪುದುಚೇರಿಯ ಭಾಗವಾಗಿರುವುದರಿಂದ ಅದು ವಿವಾದದ ಕಕ್ಷಿಯಾಯಿತು. 2007ರ ಫೆಬ್ರುವರಿಯಲ್ಲಿ ನ್ಯಾಯಮಂಡಳಿ ಅದಕ್ಕೆ 7 ಟಿಎಂಸಿ ಅಡಿ ನೀರು ಹಂಚಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿ ಅಡಿಗೆ ಏರಿಸಿ, ತಮಿಳುನಾಡಿನ ಪಾಲನ್ನು 419ರಿಂದ 404.25ಕ್ಕೆ ಇಳಿಸಿದಾಗಲೂ ಪುದುಚೇರಿಯ 7 ಟಿಎಂಸಿಯನ್ನು ಮುಟ್ಟಲಿಲ್ಲ. ಪ್ರಾಧಿಕಾರದ ಖರ್ಚಿನಲ್ಲಿ ಕರ್ನಾಟಕ ಮತ್ತು ತಮಿಳುನಾಡು ತಲಾ ಶೇ 40, ಕೇರಳ ಶೇ 15, ಪುದುಚೇರಿ ಶೇ 5ರಷ್ಟನ್ನು ಹೊರಬೇಕು.

ಪುದುಚೇರಿ ರಾಜ್ಯವಲ್ಲ, ಕೇಂದ್ರಾಡಳಿತ ಪ್ರದೇಶ. ಸಂವಿಧಾನದ 239ನೇ ವಿಧಿಯ ಪ್ರಕಾರ ಕೇಂದ್ರಾಡಳಿತ ಪ್ರದೇಶವನ್ನು ರಾಷ್ಟ್ರಪತಿಯವರು ತಾವು ನೇಮಿಸಿದ ಆಡಳಿತಾಧಿಕಾರಿಯ ಮೂಲಕ ಆಳುತ್ತಾರೆ, ಅಂದರೆ ವಸ್ತುತಃ ಕೇಂದ್ರ ಸರ್ಕಾರವೇ ಆಳುತ್ತದೆ. ಹಾಗಿರುವಾಗ ಕೇಂದ್ರ ಮತ್ತು ರಾಜ್ಯಗಳು ಕೂಡಿ ತೀರ್ಮಾನಿಸುವ ಸಭೆಯಲ್ಲಿ ಅದು ಯಾರ ಪರವಾಗಿ ಕೂರುತ್ತದೆ? ತನ್ನ ಜನರ ಪರವಾಗಿಯೋ, ತನ್ನನ್ನು ಆಳುವ ಕೇಂದ್ರದ ಪರವಾಗಿಯೋ? ಈ ಪ್ರಶ್ನೆಗೆ ನಮ್ಮ ಒಕ್ಕೂಟ ವ್ಯವಸ್ಥೆ ಒಂದೇ ಉತ್ತರವನ್ನು ಕೊಟ್ಟಿಲ್ಲ. ಒಂದೊಂದು ಸಭೆಗೆ ಒಂದೊಂದು ಕಾನೂನು ಒಂದೊಂದು ಉತ್ತರ ಕೊಟ್ಟಿದೆ. ಅವುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ತತ್ವದ ಬದಲು ಆಯಾ ಕಾಲದ ಅನುಕೂಲಗಳೇ ಕಾಣಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ದೇಶದಲ್ಲಿ ಈಗ 28 ರಾಜ್ಯಗಳೂ 8 ಕೇಂದ್ರಾಡಳಿತ ಪ್ರದೇಶಗಳೂ ಇವೆ. ಎಂಟರಲ್ಲಿ ದೆಹಲಿ, ಪುದುಚೇರಿ, ಜಮ್ಮು ಮತ್ತು ಕಾಶ್ಮೀರ ಈ ಮೂರಕ್ಕೆ ಮಾತ್ರ ವಿಧಾನಸಭೆ ಮತ್ತು ಮಂತ್ರಿಮಂಡಲಗಳಿವೆ. ಉಳಿದವುಗಳಲ್ಲಿ ರಾಜ್ಯ ಸರ್ಕಾರವನ್ನು ಹೋಲುವ ಚುನಾಯಿತ ಸರ್ಕಾರವಿಲ್ಲ, ಆದ್ದರಿಂದ ಅಲ್ಲಿ ಈ ಪ್ರಶ್ನೆಯೂ ಅಷ್ಟು ತೀವ್ರವಾಗಿ ಏಳುವುದಿಲ್ಲ. ಮೂರಕ್ಕೂ ಶಾಸನಸಭೆ ಬಂದ ದಾರಿ ಬೇರೆ ಬೇರೆ. ಫ್ರೆಂಚರ ವಸಾಹತಾಗಿದ್ದ ಪುದುಚೇರಿ 1962ರಲ್ಲಿ ಕಾನೂನುಬದ್ಧವಾಗಿ ಭಾರತಕ್ಕೆ ಸೇರಿತು, 14ನೇ ತಿದ್ದುಪಡಿ ಮತ್ತು 1963ರ ಕೇಂದ್ರಾಡಳಿತ ಪ್ರದೇಶಗಳ ಸರ್ಕಾರ ಕಾಯ್ದೆಯ ಮೂಲಕ ಅದಕ್ಕೆ ವಿಧಾನಸಭೆ ದೊರೆಯಿತು. ಇದೇ 1963ರ ಕಾಯ್ದೆಯ ಅಡಿಯಲ್ಲಿ ಸಭೆ ಪಡೆದಿದ್ದ ಹಿಮಾಚಲ ಪ್ರದೇಶ, ಮಣಿಪುರ, ತ್ರಿಪುರಾ, ಗೋವಾಗಳು ಮುಂದೆ ರಾಜ್ಯಗಳಾಗಿ ಹೊರಟುಹೋದವು, ಪುದುಚೇರಿ ಉಳಿಯಿತು. ದೆಹಲಿಗೆ 1991ರ 69ನೇ ತಿದ್ದುಪಡಿ 239ಎಎ ವಿಧಿಯನ್ನು ಕೊಟ್ಟಿತು, ಆದರೆ ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್ ಮತ್ತು ಭೂಮಿ ಈ ಮೂರನ್ನು ಅದರ ಕೈಗೆ ಕೊಡಲಿಲ್ಲ. ಜಮ್ಮು ಮತ್ತು ಕಾಶ್ಮೀರದ್ದು ತಿರುಗು ದಾರಿ. ಪೂರ್ಣ ರಾಜ್ಯವಾಗಿದ್ದ ಅದು 2019ರ ಅಕ್ಟೋಬರ್ 31ರಂದು ಕೇಂದ್ರಾಡಳಿತ ಪ್ರದೇಶವಾಯಿತು.

ಇವು ಚಿಕ್ಕ ಪ್ರದೇಶಗಳು, ಅದಕ್ಕೇ ರಾಜ್ಯಗಳಾಗಿಲ್ಲ ಎಂದು ತಿಳಿಯುವುದು ಸರಿಯಲ್ಲ. 2011ರ ಜನಗಣತಿಯಂತೆ ದೆಹಲಿಯ ಜನಸಂಖ್ಯೆ 1.68 ಕೋಟಿ, ಹಿಮಾಚಲ ಪ್ರದೇಶದ್ದು 69 ಲಕ್ಷಕ್ಕಿಂತ ಕಡಿಮೆ. ಪುದುಚೇರಿಯ 12.48 ಲಕ್ಷ ಜನ ಮಿಜೋರಾಂ ಮತ್ತು ಸಿಕ್ಕಿಂಗಳ ಜನಸಂಖ್ಯೆಯನ್ನು ಮೀರುತ್ತಾರೆ. ವ್ಯತ್ಯಾಸವಿರುವುದು ಸಂವಿಧಾನದಲ್ಲಿನ ಸ್ಥಾನದಲ್ಲಿ. ರಾಜ್ಯಪಟ್ಟಿಯ ವಿಷಯಗಳಲ್ಲಿ ಸಂಸತ್ತು ರಾಜ್ಯಗಳಿಗಾಗಿ ಸಾಮಾನ್ಯವಾಗಿ ಕಾನೂನು ಮಾಡಲಾಗದು, ಕೇಂದ್ರಾಡಳಿತ ಪ್ರದೇಶಕ್ಕಾಗಿ ಯಾವ ವಿಷಯದ ಮೇಲಾದರೂ ಮಾಡಬಹುದು. 3ನೇ ವಿಧಿ ಇನ್ನೂ ಸ್ಪಷ್ಟವಾಗಿದೆ. ರಾಜ್ಯವೊಂದರ ಗಡಿಯನ್ನೋ ಹೆಸರನ್ನೋ ಬದಲಿಸುವ ಮಸೂದೆಯನ್ನು ಆ ರಾಜ್ಯದ ಶಾಸನಸಭೆಯ ಅಭಿಪ್ರಾಯಕ್ಕೆ ಕಳುಹಿಸಬೇಕು ಎನ್ನುವ ಆ ವಿಧಿ, ಹಾಗೆ ಅಭಿಪ್ರಾಯ ಕೇಳುವ ನಿಯಮ ಕೇಂದ್ರಾಡಳಿತ ಪ್ರದೇಶಕ್ಕೆ ಅನ್ವಯಿಸುವುದಿಲ್ಲ ಎಂದು ವಿವರಣೆಯಲ್ಲಿ ಬಿಡಿಸಿ ಹೇಳಿದೆ. ದೆಹಲಿಯ ಗಡಿಯನ್ನು ನಾಳೆ ಬದಲಿಸುವುದಾದರೆ ದೆಹಲಿ ವಿಧಾನಸಭೆಯನ್ನು ಕೇಳಲೇಬೇಕೆಂಬ ಕಟ್ಟುಪಾಡಿಲ್ಲ.

ಇನ್ನು ಸಭೆಗಳಿಗೆ ಬರೋಣ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಹುಟ್ಟಿಸಿದ, ಒಂದು ವಲಯದ ರಾಜ್ಯಗಳು ಕೂಡಿ ಚರ್ಚಿಸುವ ವಲಯ ಮಂಡಳಿಗಳು ಇವುಗಳಲ್ಲಿ ಹಳೆಯವು. ದಕ್ಷಿಣ ವಲಯ ಮಂಡಳಿಯಲ್ಲಿ ಕರ್ನಾಟಕದ ಜೊತೆಗೆ ಪುದುಚೇರಿಯೂ ಇದೆ. ಆದರೆ ಕಾಯ್ದೆಯ ಪ್ರಕಾರ ರಾಜ್ಯದ ಮುಖ್ಯಮಂತ್ರಿ ತಮ್ಮ ಹುದ್ದೆಯ ಬಲದಿಂದಲೇ ಸದಸ್ಯರು, ಕೇಂದ್ರಾಡಳಿತ ಪ್ರದೇಶದಿಂದ ಬರುವವರನ್ನು ಇಬ್ಬರಿಗೆ ಮೀರದಂತೆ ರಾಷ್ಟ್ರಪತಿಯವರು ನಾಮಕರಣ ಮಾಡಬೇಕು. ಶಾಸನಸಭೆಗಳುಳ್ಳ ಕೇಂದ್ರಾಡಳಿತ ಪ್ರದೇಶಗಳ ಕಲ್ಪನೆ ಇನ್ನೂ ಮೂಡದಿದ್ದ ಕಾಲದ ಏರ್ಪಾಡು ಅದು. 1990ರಲ್ಲಿ, ಕೇಂದ್ರ ಮತ್ತು ರಾಜ್ಯಗಳ ಸಂಬಂಧವನ್ನು ಪರಿಶೀಲಿಸಿದ್ದ ಸರ್ಕಾರಿಯಾ ಆಯೋಗದ ಶಿಫಾರಸಿನ ಮೇಲೆ ರಾಷ್ಟ್ರಪತಿಯವರ ಆದೇಶದಿಂದ ಅಂತರರಾಜ್ಯ ಮಂಡಳಿ ರಚನೆಯಾದಾಗ ಚಿಂತನೆ ಬದಲಾಗಿತ್ತು. ಅಲ್ಲಿ ವಿಧಾನಸಭೆಯಿರುವ ಕೇಂದ್ರಾಡಳಿತ ಪ್ರದೇಶದ ಮುಖ್ಯಮಂತ್ರಿಗೆ ರಾಜ್ಯದ ಮುಖ್ಯಮಂತ್ರಿಯಷ್ಟೇ ನೇರವಾದ ಸ್ಥಾನ ಸಿಕ್ಕಿತು, ವಿಧಾನಸಭೆ ಇಲ್ಲದ ಕಡೆಯಿಂದ ಆಡಳಿತಾಧಿಕಾರಿ ಬರುತ್ತಾರೆ. ಆದರೆ ಆ ಮಂಡಳಿ ಸೇರುವುದೇ ಅಪರೂಪ. 10ನೇ ಸಭೆ 2006ರ ಡಿಸೆಂಬರ್‌ನಲ್ಲಿ ನಡೆದರೆ 11ನೆಯದು ನಡೆದದ್ದು 2016ರ ಜುಲೈನಲ್ಲಿ. ಸಮಾನ ಸ್ಥಾನ ಕೊಟ್ಟ ಸಭೆ ಸೇರುವುದಿಲ್ಲ, ಸೇರುವ ಸಭೆಗಳಲ್ಲಿ ಸ್ಥಾನ ಸಮಾನವಲ್ಲ ಎಂದು ಪುದುಚೇರಿಯವರು ಅಂದುಕೊಂಡರೆ ತಪ್ಪೆನ್ನಲಾಗದು. ನೀತಿ ಆಯೋಗದ ಆಡಳಿತ ಮಂಡಳಿಯಲ್ಲೂ ಈ ಮೂರು ಮುಖ್ಯಮಂತ್ರಿಗಳಿಗೆ ಜಾಗವಿದೆ, ಆದರೆ ಅಲ್ಲಿ ಮತದಾನವಾಗಲಿ, ಕಟ್ಟಿಹಾಕುವ ತೀರ್ಮಾನವಾಗಲಿ ಇಲ್ಲದ ಕಾರಣ ಹೆಚ್ಚು ಹೇಳುವುದೇನಿಲ್ಲ.

ನಿಜವಾದ ಅಧಿಕಾರ ಕೈಗೆ ಬಂದದ್ದು ಜಿಎಸ್‌ಟಿ ಮಂಡಳಿಯಲ್ಲಿ. 2016ರ 101ನೇ ತಿದ್ದುಪಡಿ ಸಂವಿಧಾನಕ್ಕೆ 279ಎ ವಿಧಿಯನ್ನು ಸೇರಿಸಿ ಈ ಮಂಡಳಿಯನ್ನು ಕಟ್ಟಿತು. ಅದೇ ತಿದ್ದುಪಡಿ 366ನೇ ವಿಧಿಯಲ್ಲಿ ಒಂದು ಸಣ್ಣ ಉಪಖಂಡವನ್ನೂ ಸೇರಿಸಿ, ಜಿಎಸ್‌ಟಿಗೆ ಸಂಬಂಧಿಸಿದ ವಿಧಿಗಳ ಮಟ್ಟಿಗೆ ವಿಧಾನಸಭೆಯಿರುವ ಕೇಂದ್ರಾಡಳಿತ ಪ್ರದೇಶವನ್ನೂ ರಾಜ್ಯವೆಂದೇ ಎಣಿಸಬೇಕು ಎಂದಿತು. ಮೇಲುನೋಟಕ್ಕೆ ಇದು ಕರಡು ಬರೆಯುವವರ ತಾಂತ್ರಿಕ ಎಚ್ಚರದಂತೆ ಕಾಣುತ್ತದೆ. ಆದರೆ ಕೇಂದ್ರ ಮತ್ತು ರಾಜ್ಯಗಳ ನಡುವಿನ ಇತರ ವೇದಿಕೆಗಳಲ್ಲಿ ಆದೇಶ, ಕಾಯ್ದೆ, ಸಂಪ್ರದಾಯಗಳಿಂದ ಬಂದಿದ್ದ ಸ್ಥಾನ ಇಲ್ಲಿ ಮೊದಲ ಬಾರಿಗೆ ಸಂವಿಧಾನದಲ್ಲೇ ನೆಲೆಯೂರಿತು. ಇದಕ್ಕೆ ಕಾರಣವೂ ಸರಳ. ದೆಹಲಿ ಮತ್ತು ಪುದುಚೇರಿ ಮೊದಲಿನಿಂದಲೂ ತಮ್ಮದೇ ಮಾರಾಟ ತೆರಿಗೆ, ಆಮೇಲೆ ವ್ಯಾಟ್ ವಿಧಿಸುತ್ತಿದ್ದವು. ಆ ಅಧಿಕಾರವನ್ನು ಅವರಿಂದ ಪಡೆದು ಸಾಮಾನ್ಯ ತೆರಿಗೆಯೊಳಗೆ ಸೇರಿಸಬೇಕಾದರೆ ದರ ನಿಗದಿಯಲ್ಲಿ ಅವರಿಗೂ ಮಾತಿರಬೇಕಾಗುತ್ತದೆ. ವಿಧಾನಸಭೆ ಇಲ್ಲದ ಲಕ್ಷದ್ವೀಪ, ಚಂಡೀಗಡ, ಲಡಾಖ್ ಮುಂತಾದ ಕಡೆ 2017ರ ಪ್ರತ್ಯೇಕ ಕಾಯ್ದೆಯ ಪ್ರಕಾರ ಕೇಂದ್ರವೇ ರಾಜ್ಯದ ಪಾಲಿನ ತೆರಿಗೆಯನ್ನೂ ವಿಧಿಸುತ್ತದೆ, ಅವಕ್ಕೆ ಮಂಡಳಿಯಲ್ಲಿ ಬೇರೆ ಸದಸ್ಯತ್ವವಿಲ್ಲ.

ಮಂಡಳಿಯ ಮತದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವಿವಾದವಿರುವುದು ಅಲ್ಲಿ. ಚಲಾವಣೆಯಾದ ಮತಗಳ ಒಟ್ಟು ತೂಕದಲ್ಲಿ ಕೇಂದ್ರಕ್ಕೆ ಮೂರನೆಯ ಒಂದು ಭಾಗ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೆಯ ಎರಡು ಭಾಗ. ತೀರ್ಮಾನಕ್ಕೆ ನಾಲ್ಕನೆಯ ಮೂರು ಭಾಗ, ಅಂದರೆ ಶೇ 75ರಷ್ಟು ತೂಕ ಬೇಕು. 28 ರಾಜ್ಯಗಳ ಜೊತೆಗೆ ಮೂರು ಕೇಂದ್ರಾಡಳಿತ ಪ್ರದೇಶಗಳೂ ಸೇರಿ 31 ಸದಸ್ಯ ಸರ್ಕಾರಗಳಾಗುತ್ತವೆ. ಎಲ್ಲರೂ ಹಾಜರಿದ್ದರೆ ಒಬ್ಬೊಬ್ಬರ ಮತದ ತೂಕ ಸುಮಾರು ಶೇ 2.15. ಕೇಂದ್ರದ ಬೆಂಬಲವಿರುವ ಪ್ರಸ್ತಾವ ಗೆಲ್ಲಲು 31ರಲ್ಲಿ 20 ಸರ್ಕಾರಗಳು ಜೊತೆಗಿರಬೇಕು. 12 ಸರ್ಕಾರಗಳು ವಿರೋಧಿಸಿದರೆ ಅದು ಬೀಳುತ್ತದೆ. ಕೇಂದ್ರ ಒಪ್ಪದಿದ್ದರೆ 31 ಸರ್ಕಾರಗಳು ಒಂದಾದರೂ ಶೇ 75 ಮುಟ್ಟಲಾಗದು. ವಾಸ್ತವವಾಗಿ ಮಂಡಳಿ ಬಹುಪಾಲು ತೀರ್ಮಾನಗಳನ್ನು ಒಮ್ಮತದಿಂದಲೇ ಕೈಗೊಂಡಿದೆ. ಮೊದಲ ಮತದಾನ ನಡೆದದ್ದು 2019ರ ಡಿಸೆಂಬರ್‌ನಲ್ಲಿ, ಲಾಟರಿಗೆ ಏಕರೂಪದ ಶೇ 28 ತೆರಿಗೆ ವಿಧಿಸುವ ವಿಷಯದಲ್ಲಿ. 21 ಸರ್ಕಾರಗಳು ಪರವಾಗಿ, 7 ವಿರುದ್ಧವಾಗಿ ಮತ ಹಾಕಿದವು. ಮಂಡಳಿಯ ಶಿಫಾರಸುಗಳಿಗೆ ಮನವೊಲಿಸುವ ಬೆಲೆ ಇದೆಯೇ ಹೊರತು ಅವು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು. ಆದರೂ ರೂಢಿಯಲ್ಲಿ ಮಂಡಳಿಯ ಮಾತೇ ನಡೆಯುತ್ತಿದೆ.

ಈ ಲೆಕ್ಕದ ಮೇಲೆ ಕರ್ನಾಟಕದಂಥ ದೊಡ್ಡ ರಾಜ್ಯದಿಂದ ಸಹಜವಾಗಿ ಏಳುವ ಆಕ್ಷೇಪವೊಂದಿದೆ. 6.11 ಕೋಟಿ ಜನರ, ಜಿಎಸ್‌ಟಿ ಸಂಗ್ರಹದಲ್ಲಿ ಮುಂಚೂಣಿಯಲ್ಲಿರುವ ರಾಜ್ಯಕ್ಕೂ ಅದರ ಸುಮಾರು ಐವತ್ತನೆಯ ಒಂದು ಪಾಲು ಜನರಿರುವ ಪುದುಚೇರಿಗೂ ಒಂದೇ ತೂಕದ ಮತ ಹೇಗೆ ನ್ಯಾಯ? ಪ್ರಶ್ನೆ ಸರಿಯಾದದ್ದೇ, ಆದರೆ ಅದರ ಗುರಿ ಪುದುಚೇರಿ ಆಗಬೇಕಿಲ್ಲ. ಸಿಕ್ಕಿಂಗೂ ಅಷ್ಟೇ ತೂಕದ ಮತವಿದೆ, ಅದರ ಜನಸಂಖ್ಯೆ ಪುದುಚೇರಿಯ ಅರ್ಧದಷ್ಟು. ಸಣ್ಣ ಸರ್ಕಾರಕ್ಕೂ ದೊಡ್ಡ ಸರ್ಕಾರಕ್ಕೂ ಸಮಾನ ಮತ ಎಂಬುದು ಒಕ್ಕೂಟಗಳು ತಿಳಿದೇ ಮಾಡಿಕೊಳ್ಳುವ ಆಯ್ಕೆ, ಅದನ್ನು ಒಪ್ಪಬಹುದು, ಬಿಡಬಹುದು. ಗಾತ್ರದ ಪ್ರಶ್ನೆಯನ್ನು ಕೇಂದ್ರಾಡಳಿತ ಪ್ರದೇಶಗಳ ತಲೆಗೆ ಮಾತ್ರ ಕಟ್ಟುವುದು ಸರಿಯಲ್ಲ.

ಅವುಗಳಿಗೇ ಸೇರಿದ ಪ್ರಶ್ನೆ ಮತ ಹಾಕುವ ಕೈ ಯಾರದು ಎಂಬುದು. ಜಮ್ಮು ಮತ್ತು ಕಾಶ್ಮೀರವನ್ನೇ ನೋಡಿ. 2019ರ ಅಕ್ಟೋಬರ್ ಅಂತ್ಯದಿಂದ 2024ರ ಅಕ್ಟೋಬರ್‌ವರೆಗೆ, ಸುಮಾರು ಐದು ವರ್ಷ, ಅಲ್ಲಿ ವಿಧಾನಸಭೆ ಕಾಗದದ ಮೇಲಿತ್ತೇ ಹೊರತು ಚುನಾವಣೆ ನಡೆದಿರಲಿಲ್ಲ. ಆ ಅವಧಿಯಲ್ಲಿ ಜಿಎಸ್‌ಟಿ ಮಂಡಳಿಯ ಅದರ ಸ್ಥಾನದಲ್ಲಿ ಕುಳಿತವರು ಲೆಫ್ಟಿನೆಂಟ್ ಗವರ್ನರ್ ಆಡಳಿತದ ಪ್ರತಿನಿಧಿಗಳು. ಲೆಫ್ಟಿನೆಂಟ್ ಗವರ್ನರ್ ಕೇಂದ್ರದ ಸಲಹೆಯಂತೆ ನೇಮಕವಾದವರು. ರಾಜ್ಯಗಳ ಬದಿಯಲ್ಲಿ ಕೂತ ಒಂದು ಮತ ಹೀಗೆ ಕೇಂದ್ರದ ಬದಿಗೆ ಸರಿದಂತಾಯಿತು. ಮೂರೂ ಪ್ರದೇಶಗಳಲ್ಲಿ ಹೀಗಾಯಿತು ಎಂದು ಒಮ್ಮೆ ಊಹಿಸಿದರೆ, ಕೇಂದ್ರ ಗೆಲ್ಲಲು ಬೇಕಾದ 20ರಲ್ಲಿ ಮೂರು ಮತಗಳು ಅದರ ಕೈಯಲ್ಲೇ ಇರುತ್ತವೆ, ರಾಜ್ಯಗಳಿಂದ 17 ಬಂದರೆ ಸಾಕು. ರಾಷ್ಟ್ರಪತಿ ಆಳ್ವಿಕೆಯಿರುವ ರಾಜ್ಯದಲ್ಲೂ ಇಂಥ ಸಮಸ್ಯೆ ಬರಬಹುದಾದರೂ, ಅಲ್ಲಿ 356ನೇ ವಿಧಿ ಅವಧಿಯ ಮಿತಿ ಹಾಕಿದೆ ಮತ್ತು ಕಾಲಕಾಲಕ್ಕೆ ಸಂಸತ್ತಿನ ಒಪ್ಪಿಗೆ ಬೇಕೆನ್ನುತ್ತದೆ.

ಚುನಾಯಿತ ಸರ್ಕಾರ ಇದ್ದಾಗಲೂ ಕೈ ಪೂರ್ತಿ ಸ್ವತಂತ್ರವೆಂದು ಹೇಳುವಂತಿಲ್ಲ. ದೆಹಲಿಯ ಕಥೆ ಎಲ್ಲರಿಗೂ ಗೊತ್ತಿರುವುದೇ ಆದರೂ ಅದರ ಕ್ರಮವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. 2018ರ ಜುಲೈ 4ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದೆಹಲಿಯ ಅಧಿಕಾರವ್ಯಾಪ್ತಿಯ ವಿಷಯಗಳಲ್ಲಿ ಲೆಫ್ಟಿನೆಂಟ್ ಗವರ್ನರ್ ಮಂತ್ರಿಮಂಡಲದ ಸಲಹೆಗೆ ಬದ್ಧರು, ಭಿನ್ನಾಭಿಪ್ರಾಯವಿದ್ದರೆ ಅಪರೂಪದ ಸಂದರ್ಭಗಳಲ್ಲಿ ಮಾತ್ರ ರಾಷ್ಟ್ರಪತಿಯವರಿಗೆ ಕಳುಹಿಸಬಹುದು ಎಂದಿತು. 2021ರಲ್ಲಿ ಸಂಸತ್ತು ದೆಹಲಿ ಸರ್ಕಾರದ ಕಾಯ್ದೆಗೆ ತಿದ್ದುಪಡಿ ತಂದು, ದೆಹಲಿ ವಿಧಾನಸಭೆ ಮಾಡುವ ಕಾನೂನುಗಳಲ್ಲಿ ಸರ್ಕಾರ ಎಂದರೆ ಲೆಫ್ಟಿನೆಂಟ್ ಗವರ್ನರ್ ಎಂದೇ ಓದಬೇಕು ಎಂದು ಬರೆಯಿತು. 2023ರ ಮೇ 11ರಂದು ಮತ್ತೊಂದು ಸಂವಿಧಾನ ಪೀಠ ಅಧಿಕಾರಿಗಳ ಸೇವಾ ವಿಷಯಗಳ ಮೇಲಿನ ನಿಯಂತ್ರಣ ಚುನಾಯಿತ ಸರ್ಕಾರದ್ದು ಎಂದು ತೀರ್ಪಿತ್ತಿತು. ಎಂಟು ದಿನಗಳಲ್ಲಿ ಕೇಂದ್ರ ಸುಗ್ರೀವಾಜ್ಞೆ ಹೊರಡಿಸಿತು, ಆಗಸ್ಟ್‌ನಲ್ಲಿ ಅದು ಕಾಯ್ದೆಯಾಯಿತು. ಅದರಂತೆ ಅಧಿಕಾರಿಗಳ ವರ್ಗಾವಣೆ, ನೇಮಕಗಳನ್ನು ಶಿಫಾರಸು ಮಾಡುವ ಪ್ರಾಧಿಕಾರದಲ್ಲಿ ಮುಖ್ಯಮಂತ್ರಿ, ಮುಖ್ಯ ಕಾರ್ಯದರ್ಶಿ, ಗೃಹ ಇಲಾಖೆಯ ಪ್ರಧಾನ ಕಾರ್ಯದರ್ಶಿ ಈ ಮೂವರಿದ್ದಾರೆ, ತೀರ್ಮಾನ ಬಹುಮತದಿಂದ, ಕೊನೆಯ ಮಾತು ಲೆಫ್ಟಿನೆಂಟ್ ಗವರ್ನರ್ ಅವರದು. ಅಂದರೆ ಇಬ್ಬರು ಅಧಿಕಾರಿಗಳು ಸೇರಿ ಮುಖ್ಯಮಂತ್ರಿಯನ್ನು ಮತದಲ್ಲಿ ಸೋಲಿಸಬಹುದು. ತನ್ನ ಇಲಾಖೆಯ ಕಾರ್ಯದರ್ಶಿಯನ್ನು ತಾನು ಆರಿಸಲಾಗದ ಮಂತ್ರಿ, ಆ ಕಾರ್ಯದರ್ಶಿ ಸಿದ್ಧಪಡಿಸಿದ ಕಡತವನ್ನು ಹಿಡಿದು ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ವಿರುದ್ಧ ವಾದಿಸಬೇಕಾಗುತ್ತದೆ.

ಪುದುಚೇರಿಯಲ್ಲಿ ಹಿಡಿತದ ದಾರಿ ಬೇರೆ. 30 ಚುನಾಯಿತ ಶಾಸಕರ ಜೊತೆಗೆ ಮೂವರನ್ನು ಕೇಂದ್ರ ನಾಮಕರಣ ಮಾಡಬಹುದು. ಅದಕ್ಕೆ ಅಲ್ಲಿನ ಸರ್ಕಾರವನ್ನು ಕೇಳಬೇಕಾಗಿಲ್ಲ, ನಾಮಕರಣಗೊಂಡವರಿಗೂ ಮತದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. 33 ಜನರ ಸಭೆಯಲ್ಲಿ ಮೂರು ಮತ ಸಣ್ಣದಲ್ಲ. ಹತ್ತಿರದ ಬಹುಮತದ ಸರ್ಕಾರವನ್ನು ನಿಲ್ಲಿಸಲೂ ಬೀಳಿಸಲೂ ಅಷ್ಟು ಸಾಕು.

ಜಿಎಸ್‌ಟಿ ಮಂಡಳಿಯಲ್ಲಿ ಸ್ಥಾನ ಅಷ್ಟೋ ಇಷ್ಟೋ ಇದೆ, ಹಣಕಾಸು ಆಯೋಗದ ಮುಂದೆ ಅದೂ ಇಲ್ಲ. ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ರಾಜ್ಯಗಳಿಗೆ ಹೋಗಬೇಕಾದ ಪಾಲನ್ನು ಐದು ವರ್ಷಕ್ಕೊಮ್ಮೆ ಶಿಫಾರಸು ಮಾಡುವ ಈ ಆಯೋಗದ ವಿಧಿಗಳಲ್ಲಿ ಕೇಂದ್ರಾಡಳಿತ ಪ್ರದೇಶಗಳು ರಾಜ್ಯಗಳ ಲೆಕ್ಕಕ್ಕೆ ಬರುವುದಿಲ್ಲ. ಜಿಎಸ್‌ಟಿಗಾಗಿ ಬರೆದ ಉಪಖಂಡ ಇಲ್ಲಿಗೆ ಅನ್ವಯಿಸುವುದಿಲ್ಲ. ಒಂದೇ ತೆರಿಗೆಯನ್ನು ಹೇಗೆ ವಿಧಿಸಬೇಕು ಎಂಬ ಸಭೆಯಲ್ಲಿ ಪುದುಚೇರಿ ರಾಜ್ಯ. ಆ ತೆರಿಗೆಯ ಕೇಂದ್ರ ಪಾಲನ್ನು ಹೇಗೆ ಹಂಚಬೇಕು ಎಂಬ ಸಭೆಗೆ ಬಂದಾಗ ಅದು ಕೇಂದ್ರದ ಒಂದು ಇಲಾಖೆಯಂತೆ. ಅದಕ್ಕೆ ಬರುವುದು ಕೇಂದ್ರದ ಬಜೆಟ್‌ನಿಂದ ಕೇಂದ್ರ ಇಚ್ಛಿಸಿದಷ್ಟು ಅನುದಾನ. ದೆಹಲಿಗೆ ತೆರಿಗೆ ಪಾಲಿನ ಬದಲಾಗಿ ಕೊಡುತ್ತಿದ್ದ ಮೊತ್ತ 2001-02ರಿಂದ ವರ್ಷಗಟ್ಟಲೆ 325 ಕೋಟಿ ರೂಪಾಯಿಯಲ್ಲೇ ನಿಂತಿತ್ತು. ಈ ನಡುವೆ ಅಲ್ಲಿನ ಜನಸಂಖ್ಯೆ, ಬೆಲೆಗಳು, ತೆರಿಗೆ ಸಂಗ್ರಹ ಎಲ್ಲವೂ ಬೆಳೆದವು.

ಹೊರಗಿರುವುದು ಎಂದರೇನು ಎಂಬುದಕ್ಕೆ 2019 ಒಳ್ಳೆಯ ನಿದರ್ಶನ. 14ನೇ ಹಣಕಾಸು ಆಯೋಗ ಹಂಚಿಕೆಯ ಮೊತ್ತದಲ್ಲಿ ಶೇ 42ರಷ್ಟನ್ನು ರಾಜ್ಯಗಳಿಗೆ ಕೊಟ್ಟಿತ್ತು. ಜಮ್ಮು ಮತ್ತು ಕಾಶ್ಮೀರ ರಾಜ್ಯಪಟ್ಟಿಯಿಂದ ಹೊರಬಿದ್ದ ಮೇಲೆ 15ನೇ ಆಯೋಗ ಅದನ್ನು ಶೇ 41ಕ್ಕೆ ಇಳಿಸಿ, ಆ ಶೇ 1ನ್ನು ಹೊಸ ಕೇಂದ್ರಾಡಳಿತ ಪ್ರದೇಶಗಳ ಅಗತ್ಯಗಳಿಗಾಗಿ ಕೇಂದ್ರದ ಬಳಿ ಬಿಟ್ಟಿತು. ಶ್ರೀನಗರಕ್ಕೆ ಹಣ ಬರುವುದು ನಿಲ್ಲಲಿಲ್ಲ ನಿಜ. ಆದರೆ ಹಕ್ಕಿನ ಪಾಲಾಗಿ ಬರುತ್ತಿದ್ದುದು ಅನುದಾನವಾಯಿತು, ಸೂತ್ರದ ಬದಲು ವಾರ್ಷಿಕ ಬಜೆಟ್ ಬಂತು, ಆಯೋಗದ ಮುಂದೆ ನಿಂತು ವಾದಿಸುವ ಸಂದರ್ಭ ಹೋಯಿತು. 15ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿದಾಗ ನಾವು ಎಷ್ಟು ಗಟ್ಟಿಯಾಗಿ ಪ್ರತಿಭಟಿಸಿದೆವು ಎಂಬುದು ಎಲ್ಲರಿಗೂ ನೆನಪಿದೆ. ಆ ಪ್ರತಿಭಟನೆಗೆ ಒಂದು ಅಂಕಿ ಇತ್ತು, ಸೂತ್ರವಿತ್ತು, ಮುಂದಿನ ಆಯೋಗಕ್ಕೆ ಕೊಡಬಹುದಾದ ಮನವಿಯೂ ಇತ್ತು. ಪುದುಚೇರಿಗೆ ಇಳಿಯಲು ಪಾಲೇ ಇಲ್ಲ. ತನ್ನನ್ನು ಆಯೋಗದ ವ್ಯಾಪ್ತಿಗೆ ಸೇರಿಸಿ ಎಂಬುದು ಯಾವ ಪಕ್ಷ ಅಧಿಕಾರದಲ್ಲಿದ್ದರೂ ಅಲ್ಲಿನ ಸರ್ಕಾರಗಳ ಹಳೆಯ ಬೇಡಿಕೆ.

ಹೋಲಿಕೆಗೆ ಕೆನಡಾವನ್ನು ನೋಡುವುದು ಉಪಯುಕ್ತ, ಏಕೆಂದರೆ ಅಲ್ಲಿ ಇದೇ ಸಮಸ್ಯೆ ಬೇರೆ ಹಾದಿ ಹಿಡಿಯಿತು. ಅಲ್ಲಿ 10 ಪ್ರಾಂತ್ಯಗಳ ಜೊತೆಗೆ ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್, ನುನಾವುಟ್ ಎಂಬ ಮೂರು ಉತ್ತರದ ಟೆರಿಟರಿಗಳಿವೆ. ದೇಶದ ನೆಲದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಆವರಿಸಿದ ಇವುಗಳ ಒಟ್ಟು ಜನಸಂಖ್ಯೆ 2021ರ ಗಣತಿಯಲ್ಲಿ ಸುಮಾರು 1.18 ಲಕ್ಷ. ನಮ್ಮ ಕೇಂದ್ರಾಡಳಿತ ಪ್ರದೇಶಗಳಂತೆ ಇವುಗಳ ಅಧಿಕಾರವೂ ಕೇಂದ್ರ ಸಂಸತ್ತಿನ ಕಾಯ್ದೆಗಳಿಂದ ಬಂದದ್ದು. 1982ರ ಸಂವಿಧಾನ ಕಾಯ್ದೆ ಮುಂದಿನ ಸಂವಿಧಾನ ಸಮ್ಮೇಳನಕ್ಕೆ ಆಗ ಇದ್ದ ಟೆರಿಟರಿಗಳ ಪ್ರತಿನಿಧಿಗಳನ್ನು ಕರೆಯಬೇಕೆಂದಿತಾದರೂ, ಪ್ರಧಾನಿಯವರ ಅಭಿಪ್ರಾಯದಲ್ಲಿ ಅವರಿಗೆ ನೇರವಾಗಿ ಸಂಬಂಧಿಸಿದ ವಿಷಯಗಳ ಚರ್ಚೆಗೆ ಮಾತ್ರ ಎಂದು ಮಿತಿ ಹಾಕಿತು. 1987ರಲ್ಲಿ ಮೀಚ್ ಲೇಕ್‌ನಲ್ಲಿ ಪ್ರಧಾನಿ ಮತ್ತು ಪ್ರಾಂತ್ಯಗಳ ಮುಖ್ಯಮಂತ್ರಿಗಳಾದ ಹತ್ತು ಪ್ರೀಮಿಯರ್‌ಗಳು ಸಂವಿಧಾನ ತಿದ್ದುಪಡಿಗೆ ಒಪ್ಪಿಕೊಂಡಾಗ ಟೆರಿಟರಿಗಳನ್ನು ಕರೆಯಲೇ ಇಲ್ಲ. ಆ ಒಪ್ಪಂದದಲ್ಲಿದ್ದ ಒಂದು ಅಂಶದ ಪ್ರಕಾರ ಇನ್ನು ಮುಂದೆ ಟೆರಿಟರಿಯೊಂದು ಪ್ರಾಂತ್ಯವಾಗಬೇಕಾದರೆ ಎಲ್ಲ ಹತ್ತು ಪ್ರಾಂತ್ಯಗಳೂ ಒಪ್ಪಬೇಕಿತ್ತು. ತಮ್ಮ ಭವಿಷ್ಯವನ್ನು ತಮ್ಮ ಬೆನ್ನ ಹಿಂದೆ ಕಟ್ಟಿಹಾಕಲಾಗಿದೆ ಎಂದು ಯೂಕಾನ್ ಸರ್ಕಾರದ ನಾಯಕ ಟೋನಿ ಪೆನಿಕೆಟ್ ನ್ಯಾಯಾಲಯಕ್ಕೆ ಹೋದರು, ಸೋತರು. ಆದರೆ ಅಗತ್ಯವಿದ್ದ ಅನುಮೋದನೆಗಳು ಸಿಗದೆ 1990ರಲ್ಲಿ ಒಪ್ಪಂದವೇ ಬಿದ್ದುಹೋಯಿತು. ಸಂವಿಧಾನ ತಿದ್ದುಪಡಿಗಾಗಿ ಮತ್ತೆ ನಡೆದ 1992ರ ಷಾರ್ಲಟ್‌ಟೌನ್ ಮಾತುಕತೆಯ ವೇಳೆಗೆ ಟೆರಿಟರಿಗಳ ನಾಯಕರು ಮೂಲನಿವಾಸಿ ಸಂಘಟನೆಗಳ ಜೊತೆ ಸಭೆಯೊಳಗೇ ಇದ್ದರು.

ಅಲ್ಲಿಂದಾಚೆ ಅವರ ಸ್ಥಾನ ಸಂವಿಧಾನದ ಬದಲಾವಣೆಯಿಲ್ಲದೆ, ರೂಢಿಯ ಬಲದಿಂದಲೇ ಗಟ್ಟಿಯಾಯಿತು. 2003ರ ಡಿಸೆಂಬರ್‌ನಲ್ಲಿ ಪ್ರೀಮಿಯರ್‌ಗಳು ಒಕ್ಕೂಟ ಮಂಡಳಿಯನ್ನು ಸ್ಥಾಪಿಸಿಕೊಂಡಾಗ 13 ಸರ್ಕಾರಗಳೂ ಸಮಾನ ಸದಸ್ಯರು, ತೀರ್ಮಾನ ಒಮ್ಮತದಿಂದ ಎಂದಾಯಿತು. 2016ರ ಬೇಸಿಗೆ ಸಭೆ ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಲ್ಲಿ ನಡೆಯಿತು. ದೇಶದೊಳಗಿನ ವ್ಯಾಪಾರದ ಹೊಸ ಒಪ್ಪಂದಕ್ಕೆ ತಾತ್ವಿಕ ಒಪ್ಪಿಗೆ ಸಿಕ್ಕಿದ್ದು ಅದೇ ಸಭೆಯಲ್ಲಿ. ಹಳೆಯ ಒಪ್ಪಂದದ ಹೊರಗೆ ವೀಕ್ಷಕನಾಗಿ ನಿಂತಿದ್ದ ನುನಾವುಟ್ 2017ರಲ್ಲಿ ಜಾರಿಗೆ ಬಂದ ಹೊಸದರಲ್ಲಿ ಪೂರ್ಣ ಕಕ್ಷಿಯಾಯಿತು.

ಸಭೆಯಲ್ಲಿರುವುದರ ಬೆಲೆ ಏನು ಎಂಬುದನ್ನು ಅದೇ 2003ರ ಫೆಬ್ರುವರಿಯ ಆರೋಗ್ಯ ಮಾತುಕತೆ ತೋರಿಸುತ್ತದೆ. ಕೇಂದ್ರ ಕೊಡಲಿದ್ದ ಹೊಸ ಹಣವನ್ನು ತಲಾ ಲೆಕ್ಕದಲ್ಲಿ ಹಂಚುವುದಾಗಿತ್ತು. ನುನಾವುಟ್‌ನ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ, ಗಂಭೀರ ಕಾಯಿಲೆಯವರನ್ನು ವಿಮಾನದಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ಯಬೇಕು. ಅಂಥ ಕಡೆ ತಲಾ ಲೆಕ್ಕದ ಪಾಲು ವಿಮಾನದ ಖರ್ಚಿಗೂ ಸಾಲದು. ಮೂವರು ಉತ್ತರದ ಪ್ರೀಮಿಯರ್‌ಗಳು ಒಪ್ಪಂದಕ್ಕೆ ಒಪ್ಪದೆ ಹೊರನಡೆದರು. ಅದೇ ತಿಂಗಳೊಳಗೆ ಕೇಂದ್ರ ಟೆರಿಟರಿಗಳಿಗಾಗಿ ಪ್ರತ್ಯೇಕ 6 ಕೋಟಿ ಡಾಲರ್ ಘೋಷಿಸಿತು. ಜನಸಂಖ್ಯೆಯ ತೂಕದಲ್ಲಿ ಅವರ ಮಾತು ಲೆಕ್ಕಕ್ಕೇ ಬರುವಂತಿರಲಿಲ್ಲ. ಆದರೆ 13 ಕುರ್ಚಿಗಳಲ್ಲಿ ಮೂರು ಖಾಲಿಯಾಗಿ ಕಾಣುವುದು ಕೇಂದ್ರ ಸರ್ಕಾರವಿರುವ ಒಟ್ಟಾವಾಕ್ಕೆ ಮುಜುಗರದ ವಿಷಯವಾಗಿತ್ತು. ರೂಢಿಯಿಂದ ಬಂದ ಸ್ಥಾನದ ಬಲವೂ ಅದೇ, ಮಿತಿಯೂ ಅದೇ. ಕೇಂದ್ರಕ್ಕೆ ಮುಜುಗರವಾಗದ ಕಡೆ ಅದು ಕೆಲಸ ಮಾಡುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಪ್ರಧಾನಿ ಟ್ರೂಡೊ ಅಮೆರಿಕದ ಅಧ್ಯಕ್ಷ ಒಬಾಮಾ ಅವರೊಡನೆ ಸೇರಿ ಆರ್ಕ್‌ಟಿಕ್ ಸಮುದ್ರದಲ್ಲಿ ತೈಲ ಮತ್ತು ಅನಿಲಕ್ಕೆ ಹೊಸ ಪರವಾನಗಿ ನೀಡುವುದನ್ನು ನಿಲ್ಲಿಸಿದಾಗ, ಉತ್ತರದ ಪ್ರೀಮಿಯರ್‌ಗಳಿಗೆ ಸುದ್ದಿ ಮುಟ್ಟಿದ್ದು ಪ್ರಕಟಣೆಗೆ ತುಸು ಮೊದಲಷ್ಟೇ. ನಾರ್ತ್‌ವೆಸ್ಟ್ ಟೆರಿಟರೀಸ್‌ನ ಪ್ರೀಮಿಯರ್ ಬಾಬ್ ಮೆಕ್ಲಿಯೊಡ್ ಇದನ್ನು ಬಹಿರಂಗವಾಗಿಯೇ ಖಂಡಿಸಿದರು.

ಕೆನಡಾದ್ದು ಬರೆಯದ ಸ್ಥಾನ, ಆದರೆ ಅಲ್ಲಿ ಕೂರುವವರು ತಮ್ಮ ಶಾಸನಸಭೆಗೆ ಮಾತ್ರ ಉತ್ತರ ಹೇಳಬೇಕಾದ ನಾಯಕರು. ಒಟ್ಟಾವಾ ನೇಮಿಸಿದ ಕಮಿಷನರ್ ದೈನಂದಿನ ಆಡಳಿತದಿಂದ ಹಿಂದೆ ಸರಿದು ದಶಕಗಳಾದವು. ಯೂಕಾನ್‌ನಲ್ಲಿ ಅದು 1979ರಲ್ಲಿ ಕೇಂದ್ರ ಸಚಿವರು ಬರೆದ ಒಂದು ಪತ್ರದಿಂದಲೇ ಆಯಿತು. ನಮ್ಮಲ್ಲಿ ಜಿಎಸ್‌ಟಿಯ ಮಟ್ಟಿಗೆ ಸ್ಥಾನ ಸಂವಿಧಾನದಲ್ಲೇ ಬರೆದಿದೆ, ಆದರೆ ಕೂರುವವರ ಹಿಂದೆ ಕೇಂದ್ರದ ಪ್ರತಿನಿಧಿ ನಿಂತಿದ್ದಾರೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಮೊದಲನೆಯದರ ಕಡೆಗೆ ವಾಲುತ್ತೇನೆ. ಸದಸ್ಯತ್ವದ ಕಾನೂನು ಎಷ್ಟೇ ಗಟ್ಟಿಯಾಗಿದ್ದರೂ ಮತ ಸ್ವಂತದ್ದಲ್ಲದಿದ್ದರೆ ಅದು ಆ ಪ್ರದೇಶದ ಜನರಿಗೂ ದಕ್ಕುವುದಿಲ್ಲ, ಉಳಿದ ರಾಜ್ಯಗಳಿಗೂ ಹೊರೆಯಾಗುತ್ತದೆ. ಕರ್ನಾಟಕದಂಥ ರಾಜ್ಯ ದೆಹಲಿ, ಪುದುಚೇರಿಗಳ ಸ್ವಾಯತ್ತತೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಾದದ್ದು ಬರಿಯ ಸಹಾನುಭೂತಿಯಿಂದಲ್ಲ. ಮತದ ಆ ಲೆಕ್ಕದಲ್ಲಿ ನಮ್ಮ ಶೇ 2.15ರ ಬೆಲೆ ಅವರ ಶೇ 2.15 ಎಷ್ಟು ಸ್ವತಂತ್ರ ಎಂಬುದನ್ನೂ ಅವಲಂಬಿಸಿದೆ.

ಸುಧಾರಣೆಗೆ ದೊಡ್ಡ ತಿದ್ದುಪಡಿಗಳೇ ಬೇಕೆಂದಿಲ್ಲ. ವಲಯ ಮಂಡಳಿಯಲ್ಲಿ ರಾಷ್ಟ್ರಪತಿಯವರ ನಾಮಕರಣದ ಬದಲು ಚುನಾಯಿತ ಮುಖ್ಯಮಂತ್ರಿಗೆ ಪದನಿಮಿತ್ತ ಸ್ಥಾನ ಕೊಡಲು ಸಾಮಾನ್ಯ ಕಾಯ್ದೆಯ ತಿದ್ದುಪಡಿ ಸಾಕು. ವಿಧಾನಸಭೆ ರಚನೆಯಾಗದ ಅವಧಿಯಲ್ಲಿ ಕೇಂದ್ರಾಡಳಿತ ಪ್ರದೇಶದ ಮತವನ್ನು ಎಣಿಕೆಯಿಂದ ಹೊರಗಿಡುವುದನ್ನೂ ಜಿಎಸ್‌ಟಿ ಮಂಡಳಿ ಚರ್ಚಿಸಬಹುದು, ಹಾಜರಿದ್ದು ಮತ ಹಾಕಿದವರ ಲೆಕ್ಕವೇ ಅಲ್ಲಿ ನಡೆಯುವುದರಿಂದ ಉಳಿದ ಸದಸ್ಯರಿಗೆ ತೊಂದರೆಯಾಗದು. ಹಣಕಾಸು ಆಯೋಗದ ಹಂಚಿಕೆಗೆ ಸೇರಿಸುವುದು ಮಾತ್ರ ಕಷ್ಟದ ಕೆಲಸ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಾಗುವುದಲ್ಲದೆ, ರಾಜ್ಯಗಳ ಶೇ 41ರೊಳಗೇ ಹೊಸ ಪಾಲುದಾರರು ಬರುವುದಾದರೆ ಈಗಿರುವ 28 ರಾಜ್ಯಗಳಲ್ಲಿ ಯಾವುದೂ, ಕರ್ನಾಟಕವೂ ಸೇರಿ, ಸುಲಭವಾಗಿ ಒಪ್ಪುವುದಿಲ್ಲ. ಕೇಂದ್ರ ಈಗ ಅವುಗಳಿಗೆ ಕೊಡುತ್ತಿರುವ ಅನುದಾನದಷ್ಟು ಮೊತ್ತವನ್ನು ಹಂಚಿಕೆಗೆ ಸೇರಿಸಿದರೆ ಮಾತ್ರ ಮಾತು ಮುಂದುವರಿಯಬಹುದು.

ಈ ಲೆಕ್ಕ ಬರೀ ಊಹೆಯಾಗಿ ಉಳಿಯದಿರಬಹುದು. ಜಮ್ಮು ಮತ್ತು ಕಾಶ್ಮೀರಕ್ಕೆ ರಾಜ್ಯದ ಸ್ಥಾನವನ್ನು ಮರಳಿ ಕೊಡುವುದಾಗಿ ಕೇಂದ್ರ ನೀಡಿದ ಭರವಸೆಯನ್ನು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್ 11ರ ತೀರ್ಪಿನಲ್ಲಿ ದಾಖಲಿಸಿಕೊಂಡಿದೆ. 16ನೇ ಹಣಕಾಸು ಆಯೋಗದ ಅವಧಿ 2026ರ ಏಪ್ರಿಲ್ 1ರಿಂದ ಐದು ವರ್ಷ. ಆ ನಡುವೆ ಭರವಸೆ ಈಡೇರಿದರೆ, 2019ರಲ್ಲಿ ಕೇಂದ್ರದ ಕಡೆಗೆ ಹೋದ ಶೇ 1 ರಾಜ್ಯಗಳ ಪಾಲಿಗೆ ಮರಳುತ್ತದೆಯೋ ಅಥವಾ ಉಳಿದ 28 ರಾಜ್ಯಗಳ ಪಾಲಿನಿಂದಲೇ 29ನೆಯ ರಾಜ್ಯಕ್ಕೆ ತೆಗೆದುಕೊಡಬೇಕಾಗುತ್ತದೆಯೋ ಎಂಬುದನ್ನು ಕೇಂದ್ರವೂ ರಾಜ್ಯಗಳೂ ಕೂತು ಬಗೆಹರಿಸಬೇಕಾಗುತ್ತದೆ.